ಒಂದು ಗಲ್ಲಿ, ಹನ್ನೊಂದು ಏಣಿ

ಕೈಲಿರುವ ಕೆಲಸ ಒಂದು ಗಳಿಗೆ ಪಕ್ಕಕ್ಕಿಟ್ಟು ಇದನ್ನು ಕೇಳಿ. ನಡುವೆ ಎದ್ದು ಹೋಗುವ ಹಾಗಿಲ್ಲ, ಯಾಕೆಂದರೆ ಕೊನೆಯಲ್ಲಿ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಒಂದು ಗಲ್ಲಿ. ಎಷ್ಟು ಇಕ್ಕಟ್ಟು ಎಂದರೆ ಎರಡು ಸ್ಕೂಟರ್ ಎದುರಾದರೆ ಯಾರಾದರೂ ಒಬ್ಬರು ದೊಡ್ಡ ಮನಸ್ಸು ಮಾಡಿ ಹಿಂದೆ ಸರಿಯಬೇಕು. ಹೋದ ವರ್ಷ ಹಾಸಿಗೆ ಅಂಗಡಿಯ ಮಹಡಿಯಲ್ಲಿ ಹೊಗೆ ಎದ್ದಾಗ ಅಗ್ನಿಶಾಮಕ ದಳದ ಗಾಡಿ ಬಂತು, ಆದರೆ ದೊಡ್ಡ ರಸ್ತೆಯ ತಿರುವಿನಲ್ಲೇ ನಿಂತಿತು. ಮೇಲೆ ಸಿಕ್ಕಿಬಿದ್ದಿದ್ದ ದರ್ಜಿಯನ್ನು ಇಳಿಸಲು ಗಲ್ಲಿಯವರೇ ಏಣಿ ಹುಡುಕಿದರು. ಹುಡುಕಿದರು, ಹುಡುಕಿದರು, ಇಪ್ಪತ್ತು ನಿಮಿಷ ಹುಡುಕಿದರು. ದರ್ಜಿ ಬದುಕಿಕೊಂಡ. ಅವನ ಕೆಮ್ಮು ಮಾತ್ರ ಇನ್ನೂ ನಿಂತಿಲ್ಲ.

ಅದಾದ ಮೇಲೆ ಅಗ್ನಿಶಾಮಕ ಠಾಣೆಯ ಆಫೀಸರ್ ಬಂದು ಎಲ್ಲರನ್ನೂ ಸೇರಿಸಿ ಹೇಳಿದರು: "ನಿಮ್ಮ ಗಲ್ಲೀಲಿ ಯಾರ ಹತ್ತಿರ ಏನಿದೆ, ಯಾರಿಗೆ ಏನು ಬರುತ್ತೆ, ಯಾರನ್ನ ಎತ್ಕೊಂಡು ಆಚೆ ತರಬೇಕು, ಎಲ್ಲಾ ಒಂದು ನಕ್ಷೆ ಮಾಡಿ ಕೊಡಿ. ಸಹಾಯ ಮಾಡೋ ಮನೆಗೆ ಹಸಿರು ಚುಕ್ಕಿ, ಎತ್ತಿ ತರಬೇಕಾದವರ ಮನೆಗೆ ಕೆಂಪು. ಒಂದು ಮನೆಗೆ ಒಂದೇ ಚುಕ್ಕಿ! ಹೊಗೇಲಿ ನಿಂತ್ಕೊಂಡು ಎರಡೆರಡು ಬಣ್ಣ ನೋಡ್ತಾ ಕೂರೋಕೆ ನಮ್ಮವರಿಗೆ ಪುರುಸೊತ್ತಿರಲ್ಲ. ಕೆಂಪು ಕಂಡ ಕಡೆ ಓಡ್ತಾರೆ, ಅಷ್ಟೇ."

ಕೆಲಸ ಯಾರ ತಲೆಗೆ ಬಂತು? ಜೆರಾಕ್ಸ್ ಅಂಗಡಿಯ ಹುಡುಗಿಗೆ. ಅವಳನ್ನು ಗಲ್ಲಿಯೆಲ್ಲ 'ಜೆರಾಕ್ಸು' ಎಂದೇ ಕರೆಯುತ್ತದೆ. ದೊಡ್ಡ ಹಾಳೆ ಅವಳ ಅಂಗಡಿಯಲ್ಲಿದೆ, ಅಕ್ಷರ ದುಂಡಗಿದೆ, 'ಆಗಲ್ಲ' ಎನ್ನುವುದು ಅವಳ ಬಾಯಿಗೆ ಬರುವುದಿಲ್ಲ. ಇಷ್ಟು ಸಾಲದೇ?

ಎರಡು ವಾರ ಅವಳ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಮನೆಮನೆಗೂ ಹೋದಳು. ನರ್ಸಮ್ಮನ ಬೀರುವಿನಲ್ಲಿ ಬ್ಯಾಂಡೇಜಿನ ಅರ್ಧ ಆಸ್ಪತ್ರೆಯೇ ಇತ್ತು. ಕ್ಷೌರದ ಅಂಗಡಿಯ ಅಣ್ಣ ಒಂದು ಕಾಲದಲ್ಲಿ ಕುಸ್ತಿ ಮಾಡುತ್ತಿದ್ದನಂತೆ. ನಂಬಿಕೆ ಬರಲಿಲ್ಲವೇನೋ ಎಂದು ಅವಳನ್ನು ಕುರ್ಚಿ ಸಮೇತ ಎತ್ತಿ ತೋರಿಸಿಯೇಬಿಟ್ಟ. ಹಗ್ಗ, ಟಾರ್ಚು, ಮರಳಿನ ಚೀಲ, ಯಾರ ಟ್ಯಾಂಕಿನಲ್ಲಿ ಎಷ್ಟು ನೀರು, ಎಲ್ಲ ಬರೆದುಕೊಂಡಳು. ಏಣಿ ಇದೆಯಾ ಎಂದು ಕೇಳಿದಾಗ "ಏಣಿ ತಾನೇ? ಇದೆ ಅನ್ಕೋ, ಬರ್ಕೋ" ಎಂದರು. ಹಾಗೆ ಬರೆದುಕೊಂಡದ್ದು ಹನ್ನೊಂದು ಮನೆಯಲ್ಲಿ.

ನಕ್ಷೆ ನೋಡಿ ಆಫೀಸರ್ ಹುಬ್ಬೇರಿಸಿದರು. "ಹನ್ನೊಂದು ಏಣಿ! ನಮ್ಮ ಠಾಣೇಲೇ ಅಷ್ಟಿಲ್ಲಮ್ಮ."

ಜೆರಾಕ್ಸು ಉಬ್ಬಿಹೋದಳು.

ಒಂದೇ ಒಂದು ಮನೆಗೆ ಅವಳು ಹೋಗಿರಲಿಲ್ಲ. ಪೇಂಟರ್ ಮಾವನ ಮನೆ. ಐದು ವರ್ಷದ ಹಿಂದೆ ಒಂದು ಶಾಲೆಯ ಗೋಡೆಗೆ ಬಣ್ಣ ಹೊಡೆಯುವಾಗ ಏಣಿಯಿಂದ ಬಿದ್ದವನು, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಎರಡನೇ ಮಹಡಿಯಲ್ಲಿ ಅಕ್ಕನ ಜೊತೆ ಇದ್ದಾನೆ. ಅಕ್ಕನಿಗೆ ಕ್ಯಾಂಟೀನಿನಲ್ಲಿ ಕೆಲಸ. ಸುಮ್ಮನೆ ಕೇಳಿ ಯಾಕೆ ನೋಯಿಸುವುದು ಎಂದು ಜೆರಾಕ್ಸು ಕೆಳಗೇ ನಿಂತು ನಕ್ಷೆಯಲ್ಲಿ ಆ ಮನೆಗೊಂದು ಕೆಂಪು ಚುಕ್ಕಿ ಅಂಟಿಸಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಅಂಟಿಸಿದ್ದಳು, ಆ ಮಾತು ಬೇರೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಣಕು ಕಾರ್ಯಾಚರಣೆ. ಆಫೀಸರ್ ಸೀಟಿ ಊದಿ ಕೂಗಿದರು: "ಏಣಿ ತನ್ನಿ! ಹನ್ನೊಂದೂ ಬರಲಿ!"

ಹನ್ನೊಂದು ಮನೆಯವರು ಓಡಿದರು. ಹನ್ನೊಂದು ದಿಕ್ಕಿಗೆ ಓಡಿದ್ದರೆ ಏನೂ ತೊಂದರೆಯಿರಲಿಲ್ಲ. ಎಲ್ಲರೂ ಓಡಿದ್ದು ಒಂದೇ ಕಡೆಗೆ! ಎಲೆಕ್ಟ್ರಿಷಿಯನ್ ಮನೆಯ ಹಿತ್ತಿಲ ಬಾಗಿಲಲ್ಲಿ ನೂಕುನುಗ್ಗಲು. "ನಾನು ಮೊದಲು ಬಂದೆ", "ರೀ, ಕಾಲು ತೆಗೀರಿ", "ಅಯ್ಯೋ ನನ್ನ ಚಪ್ಪಲಿ!" ಕೊನೆಗೆ ಒಂದು ಉದ್ದನೆಯ ಮರದ ಏಣಿ ಹನ್ನೊಂದು ಜೊತೆ ಕೈಗಳ ಮೇಲೆ ಮೆರವಣಿಗೆಯ ಹಾಗೆ ಹೊರಗೆ ಬಂತು.

"ಮಿಕ್ಕ ಹತ್ತು ಎಲ್ಲಿ?" ಎಂದರು ಆಫೀಸರ್.

ಎಲೆಕ್ಟ್ರಿಷಿಯನ್ ಆಕಾಶ ನೋಡಿದ, ನರ್ಸಮ್ಮ ಸೆರಗು ಸರಿಮಾಡಿಕೊಂಡರು. ಜೆರಾಕ್ಸಿನ ಮುಖ ಇಷ್ಟೇ ಇಷ್ಟಾಯಿತು.

ಆಫೀಸರ್ ಕಡೆಯ ಒಬ್ಬ ಸಿಬ್ಬಂದಿ ಹೆಗಲ ಮೇಲೆ ಮರಳಿನ ಮೂಟೆ ಹೊತ್ತು ಅದೇ ಏಣಿ ಹತ್ತತೊಡಗಿದ. ಆಗ ಎರಡನೇ ಮಹಡಿಯ ಕಿಟಕಿಯಿಂದ ಒಂದು ದನಿ ಕೇಳಿಬಂತು.

"ಹೇ, ನಿಲ್ಲಪ್ಪಾ! ಮೇಲಿಂದ ನಾಲ್ಕನೇ ಮೆಟ್ಟಿಲಿಗೆ ಕಾಲಿಡಬೇಡ! ಮಂಗಳವಾರ ಬಟ್ಟೆ ಅಂಗಡಿಯವರು ಇಳಿಸೋವಾಗ ಕೈಜಾರಿ ಬಿಟ್ರು, ಅದಕ್ಕೆ ಕಟ್ಟಿದ ತಂತಿ ಬಿಚ್ಕೊಂಡಿದೆ!"

ಇಪ್ಪತ್ತು ಕತ್ತುಗಳು ಮೇಲೆದ್ದವು. ಸಿಬ್ಬಂದಿ ಎತ್ತಿದ ಕಾಲು ಹಿಂದಕ್ಕೆ ತೆಗೆದುಕೊಂಡು ಆ ಮೆಟ್ಟಿಲನ್ನು ಕೈಯಲ್ಲಿ ಒತ್ತಿ ನೋಡಿದ. ಅದು ಕಿತ್ತು ಅವನ ಕೈಗೇ ಬಂತು.

"ಇನ್ನೊಂದು ಹತ್ತು ಏಣಿ ಹುಡುಕಬೇಡಿ ಸಾರ್," ಎಂದ ಪೇಂಟರ್ ಮಾವ. "ಇರೋದು ಅದೊಂದೇ. ಅದು ನಂದು."

ಅಸಲು ಸಂಗತಿ ಹೀಗಿತ್ತು. ಮಾವ ಬಿದ್ದ ದಿನ ಏಣಿಯನ್ನು ಎಲೆಕ್ಟ್ರಿಷಿಯನ್ ತಂದು ತನ್ನ ಹಿತ್ತಿಲಲ್ಲಿ ಒರಗಿಸಿದ್ದ. ಅದನ್ನು ಹೊತ್ತುಕೊಂಡು ಹೋಗಿ ಮಾವನ ಕಣ್ಣೆದುರು ಇಡುವ ಧೈರ್ಯ ಯಾರಿಗಿತ್ತು? ಇವತ್ತು ಬಲ್ಬಿಗೆ ಒಬ್ಬರು ಒಯ್ದರು, ನಾಳೆ ಟ್ಯಾಂಕಿಗೆ ಇನ್ನೊಬ್ಬರು. 'ಪೇಂಟರ್ ಏಣಿ' ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದರು, ಮೇಲೆ ಕೇಳಿಸಿದರೆ ಪಾಪ ಅವನಿಗೆ ಎಲ್ಲ ನೆನಪಾಗುತ್ತದೆ ಎಂದು. ಹಾಗೆ ನುಂಗಿ ನುಂಗಿ ಅದು ಎಲ್ಲರ ಏಣಿಯಾಯಿತು. ಹೋದ ವರ್ಷ ಹೊಗೆ ಎದ್ದ ದಿನ ಅದು ಯಾರ ಮನೆಯಲ್ಲಿದೆ ಎಂದು ಗೊತ್ತಿದ್ದವನು ಒಬ್ಬನೇ. ಅವನು ಕಿಟಕಿಯಿಂದ ಗಂಟಲು ಹರಿಯುವ ಹಾಗೆ ಕೂಗಿದ್ದ. ಬೆಂಕಿ ಎಂದು ಹೆದರಿ ಕೂಗುತ್ತಿದ್ದಾನೆ ಎಂದುಕೊಂಡು ಜನ "ಏನೂ ಆಗಲ್ಲ, ಧೈರ್ಯವಾಗಿರಿ" ಎಂದು ಕೈ ಬೀಸಿ ಓಡಿದ್ದರು.

ಜೆರಾಕ್ಸು ನಕ್ಷೆ ಸುತ್ತಿಕೊಂಡು ಮೊದಲ ಸಲ ಮಾವನ ಮನೆಯ ಮೆಟ್ಟಿಲು ಹತ್ತಿದಳು.

"ಬಾರಮ್ಮ ಜೆರಾಕ್ಸು," ಎಂದ ಮಾವ. "ಎರಡು ವಾರ ಇಡೀ ಗಲ್ಲಿ ಸುತ್ತಿದೆಯಲ್ಲ, ನಮ್ಮನೆ ಮೆಟ್ಟಿಲಿಗೇನು ಮುಳ್ಳು ಹಾಕಿದ್ರಾ?"

ಮಂಚ ಕಿಟಕಿಗೆ ಅಂಟಿಕೊಂಡಿತ್ತು. ಮಂಚದ ಪಕ್ಕದ ಗೋಡೆಯಲ್ಲಿ ನೀಲಿ, ಅದರ ಮೇಲೆ ಹಳದಿ, ಅದರ ಮೇಲೆ ತಿಳಿಗುಲಾಬಿ. ಮಲಗಿದವನ ಕೈ ಎಲ್ಲಿಯವರೆಗೆ ಎಟಕುತ್ತದೋ ಅಲ್ಲಿಯವರೆಗೆ ಬಣ್ಣ, ಅದರಾಚೆ ಬರೀ ಸುಣ್ಣ. ಜೆರಾಕ್ಸಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮಾವ ನಕ್ಷೆ ಬಿಡಿಸಿ ತನ್ನ ಮನೆ ಹುಡುಕಿದ. ಬೆರಳು ಕೆಂಪು ಚುಕ್ಕಿಯ ಮೇಲೆ ನಿಂತಿತು.

"ಇದು ನಾನಾ?"

"ಮಾವ, ಅದು..."

"ಈ ಕೆಂಪು ನಾವು ಯಾವುದಕ್ಕೆ ಬಳೀತಿದ್ವಿ ಗೊತ್ತಾ? ಟ್ರಾನ್ಸ್‌ಫಾರ್ಮರ್ ಬೇಲಿಗೆ. 'ಹತ್ತಿರ ಬರಬೇಡಿ' ಅಂತ ಬರೆಯೋಕೆ. ತೆಗಿ ಇದನ್ನ. ಹಸಿರು ಹಾಕು."

ಪಾತ್ರೆ ತೊಳೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಏನೂ ತೆಗೀಬೇಡ, ಹಾಗೇ ಇರಲಿ. ನಾನು ಬೆಳಿಗ್ಗೆ ಏಳಕ್ಕೆ ಹೋದ್ರೆ ಸಂಜೆ ಐದಕ್ಕೆ ಬರೋದು. ನಡುವೆ ಏನಾದ್ರೂ ಆದ್ರೆ ನಿನ್ನ ಹಸಿರು ಚುಕ್ಕಿ ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ಹೋಗುತ್ತೇನೋ?"

"ಅಕ್ಕಾ, ಐದು ವರ್ಷದಲ್ಲಿ ಎಷ್ಟು ಜನ ಈ ಮೆಟ್ಟಿಲು ಹತ್ತಿದ್ರು, ಎಣಿಸಿ ಹೇಳು. ಎಲ್ಲಾ ಕೆಳಗಿಂದಲೇ ಕೈ ಬೀಸೋರು. ಇವತ್ತು ಆ ಹುಡುಗ ನನ್ನ ಮಾತು ಕೇಳಿ ಕಾಲು ಹಿಂದಕ್ಕೆ ತಗೊಂಡ, ನೋಡಿದೆಯಾ? ಏಣಿ ಯಾವತ್ತು ಎಲ್ಲಿರುತ್ತೆ, ಹಗ್ಗ ಯಾರ ಮನೇಲಿದೆ, ನಲ್ಲಿ ಯಾವುದು ಬಿಗಿ, ಎಲ್ಲಾ ನನಗೆ ಗೊತ್ತು. ಹೋದ ವರ್ಷವೂ ಗೊತ್ತಿತ್ತು. ಯಾರು ಕೇಳಿದ್ರು?"

"ಗೊತ್ತಿದೆ ಸರಿ. ನಡೆಯೋಕೆ ಬರುತ್ತಾ?" ಎಂದಳು ಅಕ್ಕ. ಅವಳು ಮತ್ತೆ ಪಾತ್ರೆಯ ಕಡೆ ತಿರುಗಿದಳು.

ಕೆಳಗಿಂದ ಆಫೀಸರ್ ಕೂಗಿದರು: "ಆಯ್ತೇನಮ್ಮಾ? ನಕ್ಷೆ ಕೊಟ್ಟರೆ ಹೊರಡ್ತೀವಿ."

ಜೆರಾಕ್ಸು ಉಗುರಿನಿಂದ ಕೆಂಪು ಚುಕ್ಕಿ ಎಬ್ಬಿಸಿದಳು. ಹಸಿರು ಅಂಟಿಸಿದಳು. ಹತ್ತು ಏಣಿ ಹೊಡೆದುಹಾಕಿ, ಉಳಿದ ಒಂದರ ಪಕ್ಕ 'ಪೇಂಟರ್ ಏಣಿ' ಎಂದು ಬರೆದಳು. ಆಮೇಲೆ ನಕ್ಷೆಯ ಮೂಲೆಯಲ್ಲಿದ್ದ ಗಲ್ಲಿಯವರ ಕೆಲಸದ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದಳು: ಸೀಟಿ ಕೇಳಿದ ಕೂಡಲೇ ಎಲೆಕ್ಟ್ರಿಷಿಯನ್ ಮತ್ತು ಹಾಸಿಗೆ ಅಂಗಡಿಯವರು ಇಬ್ಬರೂ ಪೇಂಟರ್ ಮನೆಗೆ ಹತ್ತಿ, ಏಣಿ ಎಲ್ಲಿದೆ ಎಂದು ಕೇಳಬೇಕು.

ಮಾವ ಅದನ್ನು ಓದಿದ. ಇನ್ನೊಮ್ಮೆ ಓದಿದ.

"ಏಣಿ ಎಲ್ಲಿ ಅಂತ ಕೇಳೋಕೆ ಇಬ್ಬರು ಗಟ್ಟಿ ಆಳು ಯಾಕಮ್ಮ?"

ಜೆರಾಕ್ಸಿನ ಕಿವಿ ಬಿಸಿಯಾಯಿತು. ಒಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು. ಆದರೆ ಈ ಗಲ್ಲಿ ಐದು ವರ್ಷ ನಡೆಸಿದ್ದು ಅದನ್ನೇ ಅಲ್ಲವೇ?

"ಒಬ್ಬರು ಕೇಳೋಕೆ, ಮಾವ. ಕೇಳಿದ ಮೇಲೆ ನಿಮ್ಮನ್ನ ಎತ್ಕೊಂಡು ಬರೋಕೆ ಇಬ್ಬರೂ ಬೇಕು."

ಪಾತ್ರೆಯ ಸದ್ದು ನಿಂತಿತು. ಮಾವ ಕಿಟಕಿಯಾಚೆ, ಕೆಳಗಿನ ಏಣಿಯ ಕಡೆ ನೋಡಿದ.

"ಎಲೆಕ್ಟ್ರಿಷಿಯನ್ ಬೇಡ," ಎಂದ ಆಮೇಲೆ. "ಬಲ್ಬ್ ತಿರುಗಿಸೋಕೇ ಕೈ ನಡುಗುತ್ತೆ ಅವನಿಗೆ. ಆ ಕುಸ್ತಿ ಕ್ಷೌರಿಕನ್ನ ಹಾಕು. ಮತ್ತೆ, ಮೊದಲು ಕೇಳಬೇಕು. ಕೇಳಿದ ಮೇಲೆ ಎತ್ತೋದು. ಅದನ್ನೂ ಬರಿ."

ಬರೆದಳು. ನಕ್ಷೆ ಎತ್ತಿಕೊಂಡು ಇಳಿಯುವಾಗ ಅಕ್ಕ ಅರ್ಧ ಮೆಟ್ಟಿಲವರೆಗೆ ಬಂದು ಅವಳ ತೋಳು ಹಿಡಿದಳು. ಮೇಲೆ ಕೇಳಿಸದ ಹಾಗೆ ಕೇಳಿದಳು: "ಆ ಇಬ್ಬರೂ ಇಲ್ಲದ ದಿನ ಹೊಗೆ ಎದ್ದರೆ? ಠಾಣೆಯವರು ಬಂದು ಹಸಿರು ನೋಡಿ ಮುಂದಿನ ಮನೆಗೆ ಹೋಗಿಬಿಟ್ಟರೆ?"

ಜೆರಾಕ್ಸು ಕೈಲಿದ್ದ ನಕ್ಷೆಯ ಕಡೆ ನೋಡಿದಳು. ಕೆಳಗೆ ಆಫೀಸರ್ ಆಗಲೇ ಕೈಚಾಚಿ ನಿಂತಿದ್ದರು. ಮೇಲೆ ಮಾವ ಕಿಟಕಿಯಿಂದ ಯಾರಿಗೋ ಏಣಿಗೆ ತಂತಿ ಹೇಗೆ ಬಿಗಿಯಬೇಕು ಎಂದು ಕೂಗಿ ಹೇಳುತ್ತಿದ್ದ, ಅವನ ದನಿಯಲ್ಲಿ ಅಷ್ಟು ಗತ್ತನ್ನು ಗಲ್ಲಿ ಐದು ವರ್ಷದಲ್ಲಿ ಕೇಳಿರಲಿಲ್ಲ. ಅವಳು ನಕ್ಷೆ ಕೊಟ್ಟಳು. ಹಸಿರು ಚುಕ್ಕಿಯೊಂದಿಗೇ ಕೊಟ್ಟಳು. ಕೊಟ್ಟ ಮೇಲೆ ನೋಡಿಕೊಂಡರೆ ಕೆಂಪು ಚುಕ್ಕಿ ಇನ್ನೂ ಅವಳ ಹೆಬ್ಬೆರಳಿಗೇ ಅಂಟಿಕೊಂಡಿತ್ತು.

ಈಗ ಹೇಳಿ, ಆ ಮೆಟ್ಟಿಲ ಮೇಲೆ ಅಕ್ಕ ನಿಮ್ಮ ತೋಳು ಹಿಡಿದುಕೊಂಡಿದ್ದರೆ, ನೀವು ಯಾವ ಬಣ್ಣ ಅಂಟಿಸುತ್ತಿದ್ದಿರಿ?