ಹಿಂದಕ್ಕೆಸೆದ ಚೆಂಡು

ಸೀಟಿ ಊದುವಷ್ಟರಲ್ಲಿ ಸೆರೇಮ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿಯಾಗಿತ್ತು. ಗೆದ್ದೆವೆಂದು ಹೆಂಗಸರು ಕಿರುಚಿದರು. ರೆಫ್ರಿ ವಿಲಿಕೇಸಾ ಮಾತ್ರ ತಲೆಯಾಡಿಸಿದ. ಉನಾಯ್ಸಿ ಎಸೆದ ಪಾಸ್ ಮುಂದಕ್ಕೆ ಹೋಗಿದೆ, ಅಂಕ ಇಲ್ಲ.

ರಗ್ಬಿಯಲ್ಲಿ ಚೆಂಡನ್ನು ಹಿಂದಕ್ಕೇ ಎಸೆಯಬೇಕೆಂದು ತವೇವುನಿ ದ್ವೀಪದ ಹಸುಗೂಸಿಗೂ ಗೊತ್ತು. ಉನಾಯ್ಸಿ ಹಿಂದಕ್ಕೇ ಎಸೆದಿದ್ದಳು. ಆದರೆ ಜೀವ ಬಿಟ್ಟು ಓಡುತ್ತಿದ್ದವಳ ವೇಗ ಚೆಂಡಿಗೂ ಅಂಟಿಕೊಂಡು, ಅದು ಕೈಬಿಟ್ಟ ಜಾಗಕ್ಕಿಂತ ಕೊಂಚ ಮುಂದೆ ಸೆರೇಮಳ ಕೈಸೇರಿತ್ತು.

"ನೆಲ ಯಾಕೆ ನೋಡ್ತೀರಾ ಚಿಕ್ಕಪ್ಪ? ಕೈ ನೋಡ್ಬೇಕು, ಕೈ!" ಉನಾಯ್ಸಿ ಕೂಗಿದಳು. "ಓಡೋ ಲಾರಿಯಿಂದ ಬಾಳೆಸಿಪ್ಪೆ ಹಿಂದಕ್ಕೆ ಎಸೆದ್ರೂ ಅದು ಸ್ವಲ್ಪ ದೂರ ಲಾರಿ ಜೊತೇಲೇ ಬರಲ್ವಾ? ಕಣ್ಣು ಮನೇಲಿಟ್ಟು ಬಂದ್ರಾ?"

ಇಡೀ ಊರು ಕೇಳಿಸಿಕೊಂಡಿತು. ವಿಲಿಕೇಸಾ ಬರೀ ಚಿಕ್ಕಪ್ಪನಲ್ಲ, ಊರ ಮುಖಂಡ. ಹಿಂದಿನ ಶನಿವಾರ ಇಂಥದೇ ಪಾಸಿಗೆ ಗಂಡಸರಿಗೆ ಅಂಕ ಕೊಟ್ಟವನೂ ಇದೇ ಪುಣ್ಯಾತ್ಮ! ಪಕ್ಕದೂರಿನ ತಂಡವನ್ನು ಸೋಲಿಸಿದರೆ ವಾರಕ್ಕೊಂದು ಸಂಜೆ ಮೈದಾನ ಹೆಂಗಸರಿಗೆ ಎಂದು ಊರ ಸಭೆ ಮಾತು ಕೊಟ್ಟಿತ್ತು. ಈಗ ಗೆಲುವೂ ಹೋಯಿತು, ಮೇಲೆ ಮುಖಂಡನನ್ನು ಅವಮಾನಿಸಿದ ತಪ್ಪು. ಹಿರಿಯರೆದುರು ಕಾಣಿಕೆಯಾಗಿ ಇಡುವ ಯಂಗೋನಾ ಬೇರು ಇಟ್ಟು ಕ್ಷಮೆ ಕೇಳಿದರೆ ಆ ಸಂಜೆ ಕೊಡೋಣ, ಇಲ್ಲದಿದ್ದರೆ ಮೈದಾನಕ್ಕೆ ಕಾಲಿಡಬೇಡಿ ಎಂದು ಹಿರಿಯರು ಹೇಳಿಕಳಿಸಿದರು.

ಮರುದಿನ ಚರ್ಚ್ ಮುಗಿದ ಮೇಲೆ ಉನಾಯ್ಸಿ ಬೇರಿನ ಕಟ್ಟು ಹಿಡಿದು ಸಭಾಮನೆಗೆ ಹೋದಳು. ಮೆಟ್ಟಿಲ ಹತ್ತಿರ ವಿಲಿಕೇಸಾ ಒಬ್ಬನೇ ಸಿಕ್ಕ.

"ಚಿಕ್ಕಪ್ಪ, ನಿಜ ಹೇಳಿ. ನನ್ನ ಕೈ ಹಿಂದಕ್ಕಿತ್ತೋ ಇಲ್ವೋ?"

"ಇತ್ತು ಕಣಮ್ಮ."

"ಮತ್ತೆ ಗಂಡಸರಿಗೆ ಕೊಟ್ರಲ್ಲ?"

"ಅವರ ಓಟ ಹಂಗಿರುತ್ತೆ, ಚೆಂಡು ತಾನಾಗೇ ಮುಂದೆ ಬರುತ್ತೆ. ನೀವು ಅಷ್ಟು ಜೋರಾಗಿ ಓಡ್ತೀರಾ ಅಂದ್ರೆ ಯಾರು ನಂಬ್ತಾರೆ?" ಅವನು ನಕ್ಕು ಒಳಗೆ ಹೋದ.

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಒಳಗೆ ಹೋಗಿ ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತಳು. ಬಾಗಿಲ ಪಕ್ಕ ಅವಳ ತಂಡದವರೆಲ್ಲ ಒತ್ತೊತ್ತಾಗಿ ಕೂತಿದ್ದರು. ಅವರಿಗೆ ಮೈದಾನ ಬೇಕಿತ್ತು. ಪದ್ಧತಿಯಂತೆ ತನ್ನ ಪರವಾಗಿ ಮಾತಾಡಬೇಕಿದ್ದ ಎಪೇಲಿ ತಾತನಿಗೆ, ಕೂಗಿದ್ದು ತಪ್ಪು, ಅಷ್ಟಕ್ಕೆ ಮಾತ್ರ ಕ್ಷಮೆ ಕೇಳಿ ಎಂದು ಮೊದಲೇ ಹೇಳಿದ್ದಳು.

ಎಪೇಲಿ ಬೇರನ್ನು ಮುಂದಿಟ್ಟು, ರಾಗವಾಗಿ, ಮಗು ದುಡುಕಿತು, ಹಿರಿಯರು ಮನ್ನಿಸಬೇಕು ಎಂದ. ಎಲ್ಲರೂ ಹೂಂಗುಟ್ಟಿದರು. ಅಲ್ಲಿಗೆ ನಿಲ್ಲಿಸಬಾರದೆ? ಮುದುಕನಿಗೆ ಹುರುಪು ಬಂತು.

"ಪಾಸ್ ಮುಂದಕ್ಕೇ ಹೋಗಿತ್ತು ಅಂತಾನೂ ಅವಳು ಒಪ್ಕೊಂಡಿದ್ದಾಳೆ. ಹೆಣ್ಣುಮಕ್ಕಳು, ಆಟ ಇನ್ನೂ ಹೊಸದು, ಕಲೀತಾರೆ."

ಮುಖಂಡ ಬೇರು ಮುಟ್ಟಿದರೆ ಅಲ್ಲಿ ಆಡಿದ ಮಾತೆಲ್ಲ ಎರಡೂ ಕಡೆಯವರು ಒಪ್ಪಿದಂತೆ; ಆಮೇಲೆ ಆ ಜಗಳವನ್ನು ಯಾರೂ ಎತ್ತುವಂತಿಲ್ಲ. ವಿಲಿಕೇಸಾ ಕೈ ಚಾಚಿದ.

ಉನಾಯ್ಸಿ ಮೊಣಕಾಲ ಮೇಲೇ ಮುಂದೆ ಸರಿದು ಬೇರನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಮುಂದಿಟ್ಟ ಬೇರನ್ನು ವಾಪಸು ತೆಗೆದುಕೊಂಡವರನ್ನು ಆ ಊರು ಕಂಡಿರಲಿಲ್ಲ. ಎಪೇಲಿಯ ಬಾಯಿ ತೆರೆದೇ ಇತ್ತು.

"ಕೂಗಿದ್ದು ತಪ್ಪು ಚಿಕ್ಕಪ್ಪ, ಅದಕ್ಕೆ ಎಷ್ಟು ಸಲ ಬೇಕಾದ್ರೂ ಕ್ಷಮೆ ಕೇಳ್ತೀನಿ," ಎಂದಳು. "ಪಾಸಿಗೆ ಕೇಳಲ್ಲ. ನಾನು ಅಷ್ಟು ಜೋರಾಗೇ ಓಡ್ತಿದ್ದೆ."

"ಮೈದಾನ ಮರೆತುಬಿಡಿ ಹಂಗಾದ್ರೆ!" ಯಾರೋ ಗದರಿದರು. ವಿಲಿಕೇಸಾ ಚಾಚಿದ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ, ಅವಳ ಮುಖ ನೋಡಲಿಲ್ಲ.

ಉನಾಯ್ಸಿ ಬಗ್ಗಿಕೊಂಡೇ ಬಾಗಿಲ ಬಳಿಗೆ ಬಂದಳು. ಬೇರನ್ನು ಮಡಿಲಲ್ಲಿಟ್ಟು ಗೆಳತಿಯರ ಪಕ್ಕ ಕೂತಳು.

"ಮೈದಾನ ಹೋಯ್ತಲ್ಲೇ," ಎಂದಳು.

ಸೆರೇಮ ಅವಳ ಮಡಿಲಿನ ಬೇರನ್ನು ತಾನು ಎತ್ತಿಕೊಂಡು ಬಾಗಿಲಾಚೆ ಸಮುದ್ರದ ಕಡೆ ನೋಡಿದಳು. ನೀರು ಇಳಿಯತೊಡಗಿತ್ತು. ದಡದುದ್ದಕ್ಕೂ ಒದ್ದೆ ಮರಳು ಗಟ್ಟಿಯಾಗಿ, ಮೈದಾನದಷ್ಟೇ ಅಗಲವಾಗಿ ಬಿದ್ದಿತ್ತು.