ಹಚ್ಚದೆ ನಿಂತ ದೀಪ

ಜರಗನಹಳ್ಳಿಯ ಲಕ್ಷ್ಮಿದೇವಮ್ಮನ ಮನೆಯ ಮೇಲ್ಮಹಡಿಗೆ ಯಾರೇ ಬಾಡಿಗೆಗೆ ಬರಲಿ, ಮೊದಲ ಸಂಜೆಯ ದೀಪ ಹಚ್ಚುವವಳು ಆಕೆಯೇ. ರಾಗಿ ಹೊಲಗಳೆಲ್ಲ ಸೈಟುಗಳಾದವು, ಸೈಟುಗಳ ಮೇಲೆ ಮಹಡಿಗಳೆದ್ದವು, ಆಕೆಯ ಆ ಕಟ್ಟಳೆ ಮಾತ್ರ ಅಲುಗಲಿಲ್ಲ. ಹಿತ್ತಾಳೆಯ ದೀಪಕ್ಕೆ ಎಣ್ಣೆಬತ್ತಿ ಹಾಕಿಕೊಂಡು, ಬೆಂಕಿಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುವಳು. ಕಡ್ಡಿ ಗೀರುವುದು ಮಾತ್ರ ಒಳಗೆ, ದೇವರ ಮುಂದೆ.

ಈ ಸಲ ಬಂದವನು ಸಿಂಧನೂರಿನ ಕಡೆಯ ಮೌನೇಶ. ಜೆ.ಪಿ. ನಗರದ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಜೊತೆಗೆ ತಾಯಿ ಶರಣಮ್ಮ. ಗೋಧೂಳಿಯ ಹೊತ್ತಿಗೆ ತಾಯಿ ಮಗ ಸೇರಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದರು. ಹಾಲು ನೊರೆಯೆದ್ದು ಪಾತ್ರೆಯ ಸುತ್ತ ಹರಿಯಿತು. ಇಬ್ಬರೂ ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ತೆರೆದಾಗ ಉರಿ ಇರಲಿಲ್ಲ. ಅವ್ವ ಬಂದ್ ಮಾಡಿದಳೆಂದು ಮಗ ತಿಳಿದ. ಮಗ ಬಂದ್ ಮಾಡಿದನೆಂದು ಅವ್ವ ತಿಳಿದಳು. ಆರಿಸಿದ್ದು ಉಕ್ಕಿದ ಹಾಲು. ಗ್ಯಾಸ್ ಒಲೆಯ ಗುಂಡಿ ತೆರೆದೇ ಉಳಿದಿತ್ತು.

ಹಿಂದಿನ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ದಣಿವು ಶರಣಮ್ಮನಿಗೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವಳೇ ನಿದ್ದೆ ಹೋದಳು. ಸೊಳ್ಳೆ ಬಂದಾವೆಂದು ಮೌನೇಶ ಕಿಟಕಿಗಳನ್ನೆಲ್ಲ ಮುಚ್ಚಿ, ಗಾಜಿನಿಂದ ಬರುತ್ತಿದ್ದ ಸಂಜೆಬೆಳಕಿನಲ್ಲಿ ಮರುದಿನದ ಪಾಠ ಬರೆಯಲು ಕುಳಿತ.

ಪಾಠ ಸ್ಕಾಟ್ಲೆಂಡಿನ ಇಬ್ಬರು ಪಂಡಿತರದು. ಇನ್ನೂರೈವತ್ತು ವರ್ಷಗಳ ಹಿಂದಿನ ಜಗಳ. ಒಬ್ಬ ಸಂದೇಹಿ: ಹೂವಿನ ವಾಸನೆ ನಿನ್ನ ಮನಸ್ಸಿನಲ್ಲಿದೆ, ಹೊರಗೆ ಹೂವಿದೆ ಎನ್ನಲು ರುಜುವಾತೇನು ಎಂದು ಕೇಳಿದವನು. ಇನ್ನೊಬ್ಬ ಪಾದ್ರಿ: ದೇವರು ಕೊಟ್ಟ ಮೂಗನ್ನೂ ಕಣ್ಣಾರೆ ಕಂಡವರ ಮಾತನ್ನೂ ನಂಬುವುದು ವಾದಕ್ಕಿಂತ ಮೊದಲಿನದು, ಸಂದೇಹಿಯೂ ಗಾಡಿ ಬಂದರೆ ಪಕ್ಕಕ್ಕೆ ಸರಿಯುತ್ತಾನೆ ಎಂದವನು. ಪಾದ್ರಿಯದು ತೀರಾ ಅಡುಗೆಮನೆ ಮಾತು ಎಂದು ಮೌನೇಶನಿಗೆ ನಗು. ಕೊನೆಯ ಮಾತು ಸಂದೇಹಿಗೇ ಎಂದು ಗುರುತು ಹಾಕಿಕೊಂಡ.

ಮೌನೇಶನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಕೊರೋನಾ ಜ್ವರದಲ್ಲಿ ಹೋದದ್ದು ಮರಳಿರಲಿಲ್ಲ. ಅದಕ್ಕೇ ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ತಂದು, ಅಂದವಾಗಿ ಕಾಣಲೆಂದು ಸೂರಿನ ಹತ್ತಿರ ಗೋಡೆಗೆ ಹೊಡೆದಿದ್ದ. ಅದರ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು.

ಕತ್ತಲು ಕವಿಯುತ್ತಿದ್ದಂತೆ ಬಾಗಿಲು ತಳ್ಳಿಕೊಂಡು ಲಕ್ಷ್ಮಿದೇವಮ್ಮ ಬಂದಳು. ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಅಲ್ಲೇ ನಿಂತಳು.

"ಬರ್ರಿ ಆಂಟಿ, ದೀಪ ಹಚ್ರಿ. ಲೈಟ್ ಹಾಕ್ತೀನಿ."

"ಮೇಷ್ಟ್ರೇ, ಗ್ಯಾಸ್ ವಾಸ್ನೆ."

ಮೌನೇಶ ನಕ್ಕ. "ಮಿಷಿನ್ ಸುಮ್ನೈತಲ್ರೀ. ನಿಮ್ಮ ಭ್ರಮಾ ಇರಬೇಕು." ಎನ್ನುತ್ತಲೇ ಎದ್ದು ಬಂದು ಬಾಗಿಲ ಪಕ್ಕದ ಸ್ವಿಚ್ಚಿಗೆ ಕೈ ಚಾಚಿದ.

ಲಕ್ಷ್ಮಿದೇವಮ್ಮನ ಕೈಯ ದೀಪ ಠಣ್ಣೆಂದು ಹೊರಗೆ ಬಿತ್ತು. ಅವನ ಕೈಮೇಲೆ ಛಟೀರೆಂದು ಏಟು ಬಿತ್ತು.

"ಮುಟ್ಬೇಡ ಕಣೋ! ಅಮ್ಮನ್ ಎತ್ಕೋ, ಹೊರಗ್ ನಡಿ!"

ಅರವತ್ತೆಂಟರ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿ ಗುಂಡಿ ತಿರುಗಿಸಿದಳು, ಸಿಲಿಂಡರ್ ಬಂದ್ ಮಾಡಿದಳು, ಕಿಟಕಿಗಳನ್ನು ದಡದಡ ತೆರೆದಳು. ಮೌನೇಶ ಚಾಪೆಯ ಬಳಿಗೆ ಓಡಿ ಬಗ್ಗಿದ. ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೇ ಹರಿಯುತ್ತದೆ. ಓದಿ ಗೊತ್ತಿದ್ದ ಮಾತು ಈಗ ಎದೆಗೆ ಗುದ್ದಿತು. ಅವ್ವ ಮಲಗಿದ್ದು ನೆಲದಲ್ಲಿ. ಯಂತ್ರ ಕೂತಿದ್ದು ಸೂರಿನಲ್ಲಿ.

"ಯವ್ವಾ! ಯವ್ವಾ, ಏಳಬೇ!"

ಶರಣಮ್ಮ ಅಲುಗಲಿಲ್ಲ. ಅವನು ಅವಳನ್ನು ಮಗುವಿನಂತೆ ಎದೆಗವುಚಿಕೊಂಡು ಹೊರಗಿನ ಮೆಟ್ಟಿಲಿಗೆ ತಂದ. ಒಂದು ಗಳಿಗೆ, ಎರಡು ಗಳಿಗೆ. ಆಮೇಲೆ ಕೆಮ್ಮು ಬಂತು.

"ತಲಿ ತಿರಗಾಕತ್ತೈತಿ... ಹಾಲ್ ಕುಡದ್ಯೇನಪಾ?"

ಮೌನೇಶ ಅವಳ ಬೆನ್ನು ನೀವಿದ. ಸ್ವಿಚ್ಚಿಗೆ ಚಾಚಿದ್ದ ಬೆರಳುಗಳನ್ನೇ ನೋಡುತ್ತಾ ಕುಳಿತ.

ಲಕ್ಷ್ಮಿದೇವಮ್ಮನ ಪರಿಚಯದ ಡಾಕ್ಟರು ಬಂದು ನೋಡಿ, ಭಯವಿಲ್ಲ, ಗಾಳಿಯಲ್ಲೇ ಕೂರಿಸಿ ಎಂದು ಹೋದರು.

"ಆಂಟಿ, ಅಷ್ಟು ಖಾತ್ರಿ ಹೆಂಗಾತ್ರೀ ನಿಮಗ?"

"ಇದೇನ್ ಪ್ರಶ್ನೆ ಮೇಷ್ಟ್ರೇ? ಮೂಗಿಗ್ ಬಡೀತು, ಅಷ್ಟೇ. ದೇವ್ರು ಇಟ್ಟಿರೋದ್ ಯಾಕೆ, ಬರೀ ಮೂಗುತಿಗಾ?" ಎಂದು ಆಕೆ ನಕ್ಕಳು.

"ನನಗ ವಾಸನಿ ತಿಳಿಯಾಂಗಿಲ್ರೀ."

ಲಕ್ಷ್ಮಿದೇವಮ್ಮನ ನಗು ಮಾಯವಾಯಿತು. ಒಂದು ತಾಸಿಗೂ ಮೇಲೆ ಮನೆಯೊಳಗೆ ಗಾಳಿಯಾಡಿತು. ಆಕೆ ಎದ್ದು ಮೂಲೆ ಮೂಲೆಗೂ, ನೆಲಕ್ಕೂ ಬಗ್ಗಿ ಮೂಸಿ ಬಂದಳು. ಬಿದ್ದಿದ್ದ ದೀಪ ಒರೆಸಿ ಎಣ್ಣೆ ಹಾಕಿ ದೇವರ ಮುಂದಿಟ್ಟು, ಬೆಂಕಿಪೊಟ್ಟಣವನ್ನು ಅವನ ಕೈಗೆ ಕೊಟ್ಟಳು.

"ಇವತ್ತು ನೀನೇ ಹಚ್ಚಪ್ಪಾ."

ಅವನು ಪೊಟ್ಟಣ ತೆರೆದು ಕಡ್ಡಿ ತೆಗೆದ. ತಿರುಗಿ ನೋಡಿದ. ಬಾಗಿಲ ಬಳಿ ಅವ್ವ ಗೋಡೆಗೊರಗಿ ಕೂತಿದ್ದಳು.

"ವಾಸನಿ ಹೋಗೇತೇನ್ರೀ?"

"ಹೋಗಿದೆ."

ಅವನ ಕೈಯಲ್ಲಿದ್ದ ರುಜುವಾತು ಅದೊಂದೇ ಮಾತು. ಮೌನೇಶ ಕಡ್ಡಿ ಗೀರಿದ.