ಫ್ಲೆಕ್ಸಿನ ಮೇಲಿನ ಕಾವೇರಿ

ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಪೇಟೆಯ ಕಡೆ ಹೊರಟಿದ್ದ ಕಾವೇರಿ, ಕಂಪೌಂಡಿಗೆ ಕಟ್ಟಿದ್ದ ಫ್ಲೆಕ್ಸ್ ನೋಡಿ ನಿಂತುಬಿಟ್ಟಳು. ಅದರಲ್ಲಿದ್ದದ್ದು ಅವಳದೇ ಮುಖ. ಬಿಳಿ ಅಂಗಿ, ಕರಿ ಟೈ, ಕಿವಿಗೆ ಹೆಡ್‌ಫೋನ್, ಪಕ್ಕದಲ್ಲಿ ವಿಮಾನದ ಕಿಟಕಿ, ಅದರಾಚೆ ಮೋಡ. ಕೆಳಗೆ ಕೆಂಪು ಅಕ್ಷರಗಳಲ್ಲಿ ಬರೆದಿತ್ತು: ‘ನಮ್ಮಲ್ಲಿ ಕಲಿತು ಪೈಲಟ್ ಆದ ಈ ಭಾಗದ ಹೆಮ್ಮೆಯ ಮಗಳು. ನೀವೂ ಹಾರಬಹುದು! ಪ್ರವೇಶ ಭಾನುವಾರ, ಜಮಖಂಡಿ.’

ಕಾವೇರಿ ಬನಹಟ್ಟಿಯ ಸಾತಪ್ಪನ ಫೋಟೋ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದಳು. ಮದುಮಕ್ಕಳ ಹಿಂದಿನ ಗೋಡೆ ತೆಗೆದು ಜಲಪಾತ ಹಾಕುವುದು, ತೀರಿಕೊಂಡವರ ಹರಿದ ಫೋಟೋ ಸರಿಮಾಡುವುದು ಅವಳ ಕೆಲಸ. ಸ್ಟುಡಿಯೊದ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಗಿರಾಕಿಗಳಿಲ್ಲದಾಗ ಅವಳು ಅದನ್ನು ಆಡುತ್ತಿದ್ದಳು. ಮೊದಮೊದಲು ರನ್‌ವೇ ತಪ್ಪಿ ಹುಲ್ಲಿಗೆ ನುಗ್ಗುತ್ತಿದ್ದ ವಿಮಾನವನ್ನು ಈಗ ಮೆತ್ತಗೆ ಇಳಿಸುವಷ್ಟು ಕಲಿತಿದ್ದಳು. ಒಂದು ಮಧ್ಯಾಹ್ನ ತನ್ನದೇ ಫೋಟೋ ತೆಗೆದು ಆ ಆಟದ ಕಾಕ್‌ಪಿಟ್ಟಿನೊಳಗೆ ಕೂರಿಸಿದ್ದಳು. ಟೈ, ಪಾಸ್‌ಪೋರ್ಟ್ ಫೋಟೋದವರಿಗೆಂದು ಸ್ಟುಡಿಯೊದಲ್ಲಿ ಇಟ್ಟದ್ದು. ಭುಜದ ಬಂಗಾರದ ಪಟ್ಟಿಗಳನ್ನು ಮೌಸಿನಲ್ಲೇ ಬರೆದಿದ್ದಳು. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಖರೆ ಬೆಳಕಿನಂತೆ ಬೀಳುವವರೆಗೂ ತಿದ್ದಿದ್ದಳು. ಯಾರಿಗೂ ತೋರಿಸಿರಲಿಲ್ಲ. ಅದು ಅವಳೊಬ್ಬಳ ಸಂತೋಷವಾಗಿತ್ತು.

“ಅಕ್ಕಾ, ಇದು ನೀವ ಅಲ್ರೀ?”

ಹದಿನೇಳು ಹದಿನೆಂಟರ ಹುಡುಗಿ. ಜೊತೆಗೆ ರುಮಾಲು ಸುತ್ತಿದ ಅಪ್ಪ. ಚಿಮ್ಮಡದ ಶಂಕರೆಪ್ಪ, ಅವನ ಮಗಳು ಸಂಧ್ಯಾ ಎಂದು ಪರಿಚಯ ಹೇಳಿಕೊಂಡರು. ಭಾನುವಾರ ಜಮಖಂಡಿಗೆ ಹೋಗಿ ಫೀ ತುಂಬಿ ಹೆಸರು ಹಚ್ಚುವವರಿದ್ದರು.

“ನಿಮ್ಮನ್ನ ನೋಡೇ ಅಪ್ಪ ಹೂಂ ಅಂದಾನ್ರಿ,” ಎಂದಳು ಸಂಧ್ಯಾ. “ಇಲ್ಲಂದ್ರ ಹೆಣ್ಣುಮಕ್ಕಳಿಗೆ ಯಾಕ ಅಂತಿದ್ದ.”

ಕಾವೇರಿ ಫ್ಲೆಕ್ಸಿಗೆ ಬೆನ್ನು ಮಾಡಿ ನಿಂತಳು. “ತಂಗಿ, ನಾ ಪೈಲಟ್ ಅಲ್ಲ. ಅದು ಖರೆ ಫೋಟೋನೂ ಅಲ್ಲ. ಕಂಪ್ಯೂಟರಿನಾಗ ಮಾಡಿದ್ದು.”

ಶಂಕರೆಪ್ಪ ನಕ್ಕ. “ನೋಡವಾ, ಕಲ್ತವರು ಹೆಂಗ ಇರ್ತಾರ. ಒಂಚೂರೂ ಡೌಲಿಲ್ಲ.”

ಅವಳು ಮತ್ತೆ ಹೇಳಿದಳು. ಅವನು ಮತ್ತೆ ನಕ್ಕ. ಅಷ್ಟರಲ್ಲಿ ಅವರ ಬಸ್ಸು ಬಂತು. ಸಂಧ್ಯಾ ಕಿಟಕಿಯಿಂದ ಕೈ ಬೀಸುತ್ತ ಹೋದಳು.

ಕಾವೇರಿ ಪೇಟೆಗೆ ಹೋಗಲಿಲ್ಲ. ನೇರ ಬನಹಟ್ಟಿಗೆ ಬಂದು ಸ್ಟುಡಿಯೊದ ಮೆಟ್ಟಿಲು ಹತ್ತಿದಳು. ಸಾತಪ್ಪನ ಎದುರಿನ ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ಒಬ್ಬ ಕುಳಿತಿದ್ದ. ಫ್ಲೆಕ್ಸಿನ ಪೈಲಟ್ ತರಬೇತಿ ಸಂಸ್ಥೆ ನಡೆಸುವ ಅಮಿತ. ಎಲ್ಲಿಯವನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

“ನನ್ನ ಫೋಟೋ ಯಾಕ ಕೊಟ್ರಿ?” ಎಂದಳು ಸಾತಪ್ಪನಿಗೆ.

“ಕಂಪ್ಯೂಟರ್ ನಂದು, ಅದರಾಗಿದ್ದ ಫೋಟೋನೂ ನಂದ,” ಎಂದ ಸಾತಪ್ಪ, ಅವಳ ಮುಖ ನೋಡದೆ. “ಎಲ್ಲಾ ಫ್ಲೆಕ್ಸಿನ ಆರ್ಡರ್ ನಮಗ ಬಂದೈತಿ. ಭಾನುವಾರ ಸ್ಟೇಜ್ ಮ್ಯಾಲ ಕುಂತು ನಕ್ಕು ಬಂದ್ರ ಆತು.”

“ಬರೂದಿಲ್ಲ. ಎಲ್ಲಾರಿಗೂ ಸುಳ್ಳಂತ ಹೇಳ್ತೇನಿ.”

ಅಮಿತ ದನಿ ಏರಿಸಲಿಲ್ಲ. “ಹೇಳಿ ಮೇಡಂ. ಆದರೆ ಆ ಫೋಟೋ ಮಾಡಿದವರು ಯಾರು? ನೀವು. ಅದರಲ್ಲಿ ಇರುವವರು ಯಾರು? ನೀವು. ಪೊಲೀಸರು ಮೊದಲು ಯಾರ ಮನೆಗೆ ಬರುತ್ತಾರೆ, ಯೋಚನೆ ಮಾಡಿ. ಭಾನುವಾರ ಕಾರು ಕಳಿಸುತ್ತೇನೆ.”

ಮನೆಯಲ್ಲಿ ಅಪ್ಪನ ಮಗ್ಗಗಳ ಸದ್ದಿನಲ್ಲೂ ಅವಳಿಗೆ ಅಮಿತನ ಮೆತ್ತನೆಯ ಮಾತೇ ಕೇಳುತ್ತಿತ್ತು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ನೋಡಿಯಾಗಿತ್ತು. ಕಣ್ಣಿಗೆ ಕಂಡದ್ದನ್ನು ಕಣ್ಣಿಗೇ ಕಾಣುವಂತೆ ಮುರಿಯಬೇಕಿತ್ತು.

ಭಾನುವಾರ ಬೆಳಿಗ್ಗೆ ಸಾತಪ್ಪ ಲಗ್ನದ ಫೋಟೋ ತೆಗೆಯಲು ಹೋಗಿದ್ದ. ಸ್ಟುಡಿಯೊದ ಬೀಗದ ಕೈ ಎಂದಿನಂತೆ ಅವಳ ಬಳಿಯೇ ಇತ್ತು. ಅವಳು ಆಟೋ ಹಿಡಿದು ಚಿಮ್ಮಡಕ್ಕೆ ಹೋಗಿ, ಕೇಳುತ್ತ ಕೇಳುತ್ತ ಶಂಕರೆಪ್ಪನ ಮನೆ ಹುಡುಕಿದಳು. ಅವರು ಹೊರಡುವ ತಯಾರಿಯಲ್ಲಿದ್ದರು.

“ಕಾಕಾ, ಫೀ ತುಂಬೂ ಮೊದಲ ನನ್ನ ಕೂಡ ಒಂದಿಷ್ಟು ಹೊತ್ತು ಬನಹಟ್ಟಿಗೆ ಬರ್ರಿ. ಆಮ್ಯಾಲ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ.”

ಪೈಲಟ್ಟೇ ಮನೆಗೆ ಬಂದಳೆಂದು ಶಂಕರೆಪ್ಪ ಸಂಭ್ರಮದಿಂದ ಹೊರಟ.

ಸ್ಟುಡಿಯೊದಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ರುಮಾಲಿನ ಮೇಲೆಯೇ ಹೆಡ್‌ಫೋನ್ ಇಟ್ಟಳು. “ಎದುರಿಗೆ ಸ್ಟೀರಿಂಗ್ ಐತಿ ಅಂತ ತಿಳ್ಕೊಂಡು ಕೈ ಮುಂದ ಮಾಡ್ರಿ.” ಅವನು ಟ್ರ್ಯಾಕ್ಟರ್ ಹಿಡಿದಂತೆ ಕೈ ಚಾಚಿದ. ಫೋಟೋ ತೆಗೆದು, ಕಂಪ್ಯೂಟರಿಗೆ ಇಳಿಸಿ, ಇಬ್ಬರನ್ನೂ ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡು ಕೆಲಸಕ್ಕೆ ಕೂತಳು. ಶಂಕರೆಪ್ಪನ ಹಿಂದಿನ ನೀಲಿ ಪರದೆ ಹೋಯಿತು. ಕಾಕ್‌ಪಿಟ್ಟಿನಿಂದ ಕಾವೇರಿ ಹೋದಳು. ಆ ಜಾಗದಲ್ಲಿ ಅವನು ಬಂದು ಕೂತ.

ಹೊರಗೆ ಕಾರಿನ ಹಾರ್ನ್ ಕೇಳಿತು. ಮನೆಯಲ್ಲಿ ಅವಳಿಲ್ಲವೆಂದು ತಿಳಿದು ಡ್ರೈವರ್ ಇಲ್ಲಿಗೇ ಬಂದಿದ್ದ. ಅವಸರದಲ್ಲಿ ಮೌಸ್ ಜಾರಿತು. ಮೀಸೆಯ ಅಂಚು ಸರಿಯಾಗಲಿಲ್ಲ, ಹಾಗೇ ಬಿಟ್ಟಳು. ಪ್ರಿಂಟರ್ ಕುಂಟುತ್ತ ಕಾಗದ ಎಳೆಯತೊಡಗಿತು. ಮೊದಲು ಆಕಾಶ ಬಂತು, ಆಮೇಲೆ ರುಮಾಲು. ಮತ್ತೆ ಹಾರ್ನ್. ಮೆಟ್ಟಿಲ ಮೇಲೆ ಬೂಟಿನ ಸಪ್ಪಳ.

“ಮೇಡಂ, ಸರ್ ಕಾಯಾಕತ್ತಾರ್ರಿ!”

“ಬಂದೆ, ಕೆಳಗಿರಪ್ಪಾ.”

ಕರೆಂಟು ಹೋಗದಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಹೋಗಲಿಲ್ಲ. ಶಂಕರೆಪ್ಪ ಹಸಿಹಸಿ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅವನ ಮುಖದ ನಗು ನಿಧಾನವಾಗಿ ಇಳಿಯಿತು.

“ಅಂದ್ರ ನೀ ವಿಮಾನ ಹತ್ತೇ ಇಲ್ಲ?”

“ಇಲ್ಲ ಕಾಕಾ. ದೂರದಿಂದ ನೋಡಿದ್ದಷ್ಟ.”

ಸಂಧ್ಯಾ ಬಾಗಿಲ ಕಡೆ ತಿರುಗಿ ನಿಂತಿದ್ದಳು. ಅವಳ ಹೆಗಲು ಅಲುಗುತ್ತಿತ್ತು.

“ನಡೀರಿ,” ಎಂದ ಶಂಕರೆಪ್ಪ. “ಅವನ ಕಾರಿನಾಗ ಹೋಗೂಣು.”

ಜಮಖಂಡಿಯ ಕಲ್ಯಾಣಮಂಟಪ ತುಂಬಿತ್ತು. ಬೀಳಗಿ, ತೇರದಾಳ, ಸುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ತಂದೆತಾಯಂದಿರು ಬಂದಿದ್ದರು. ಬಾಗಿಲ ಬಳಿಯ ಮೇಜಿನ ಮುಂದೆ ಫೀ ತುಂಬುವವರ ಸಾಲಿತ್ತು. ಕಾವೇರಿ ಒಳಗೆ ಬಂದದ್ದೇ ಚಪ್ಪಾಳೆ ಎದ್ದಿತು. ಅಮಿತ ಮೈಕಿನಲ್ಲಿ ಅವಳನ್ನು ವೇದಿಕೆಗೆ ಕರೆದು, ಮೈಕನ್ನು ಅವಳ ಕೈಗಿತ್ತು, ಕಿವಿಯ ಹತ್ತಿರ ಬಾಗಿ ಹೇಳಿದ: “ಎರಡೇ ಮಾತು. ನೆನಪಿರಲಿ.”

ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಎದುರಿನ ಮುಖಗಳೆಲ್ಲ ಅವಳನ್ನು ನೋಡಿ ನಗುತ್ತಿದ್ದವು. ಅದೇ ಅವಳನ್ನು ಕಟ್ಟಿಹಾಕಿತ್ತು. ಮೈಕಿನಲ್ಲಿ ಅವಳ ಉಸಿರಷ್ಟೇ ಕೇಳಿಸಿತು.

ಆಗ ನಡುವಿನ ಸಾಲಿನಲ್ಲಿ ಶಂಕರೆಪ್ಪ ಕುರ್ಚಿ ಹತ್ತಿ ನಿಂತ. ಪ್ರಿಂಟನ್ನು ಎತ್ತಿ ಹಿಡಿದ. “ಇಲ್ಲಿ ನೋಡ್ರಿ! ನಾನೂ ಪೈಲಟ್ ಅದೇನಿ! ಇವತ್ತ ಮುಂಜಾನಿ ಆಗೇನಿ, ಸ್ಟೂಲಿನ ಮ್ಯಾಲ ಕುಂತು!”

ಜನ ಗೊಳ್ಳೆಂದು ನಕ್ಕರು. ಪ್ರಿಂಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಅದು ಹೋದ ಸಾಲಿನಲ್ಲೆಲ್ಲ ನಗು ಆರುತ್ತ ಬಂತು. ಗೋಡೆಯ ಫ್ಲೆಕ್ಸಿನಲ್ಲಿ ಅದೇ ಕಿಟಕಿ, ಅದೇ ಮೋಡ ಇದ್ದುದನ್ನು ಯಾರೋ ಬೆರಳಿಟ್ಟು ತೋರಿಸಿದರು.

ಕಾವೇರಿಗೆ ದನಿ ಬಂತು. “ಅವರು ಹೇಳಿದ್ದು ಖರೆ. ಎರಡೂ ಫೋಟೋ ಮಾಡಿದಾಕಿ ನಾನ. ನಾ ಇಲ್ಲಿ ಕಲ್ತಿಲ್ಲ, ಪೈಲಟ್ಟೂ ಅಲ್ಲ. ಯಾರೂ ಫೀ ತುಂಬಬ್ಯಾಡ್ರಿ. ತುಂಬಿದವರು ವಾಪಸ್ ಇಸ್ಕೋರಿ.”

ಅಮಿತ ಮೈಕು ಕಿತ್ತುಕೊಳ್ಳಲು ಬಂದ. ಅಷ್ಟರಲ್ಲಿ ಜನ ಮೇಜಿನ ಕಡೆ ನುಗ್ಗಿದ್ದರು. ಕುರ್ಚಿಗಳು ಉರುಳಿದವು. ಅವನು ಅಡುಗೆಮನೆಯ ಬಾಗಿಲಿನಿಂದ ಓಡಿದ. ಮೇಜಿನ ಮೇಲಿದ್ದ ಹಣ ಮಂದಿಗೆ ಮರಳಿ ಸಿಕ್ಕಿತು. ಹಿಂದಿನ ವಾರವೇ ತುಂಬಿದ್ದವರಿಗೆ ಸಿಗಲಿಲ್ಲ. ಕಾವೇರಿ ಪೊಲೀಸ್ ಠಾಣೆಯಲ್ಲಿ ಸಂಜೆಯವರೆಗೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಶಂಕರೆಪ್ಪ ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದ.

ಮರಳುವ ಬಸ್ಸಿನಲ್ಲಿ ಸಂಧ್ಯಾ ಅವಳಿಂದ ದೂರ ಕೂತಳು. ಚಿಮ್ಮಡದ ಕ್ರಾಸಿನಲ್ಲಿ ಇಳಿಯುವಾಗ ಮಾತ್ರ ಹತ್ತಿರ ಬಂದಳು.

“ನೀವು ಮಾಡಿದ್ದು ಛಲೋನ ಆತ್ರಿ,” ಎಂದಳು. “ಆದ್ರ ನಾ ಈಗ ಕಾಲೇಜಿನಾಗ, ಓಣ್ಯಾಗ ಎಲ್ಲಾರಿಗೂ ಏನಂತ ಹೇಳ್ಲಿ?”

ಕಾವೇರಿ ಅವಳ ಕೈ ಹಿಡಿದಳು. ಸಂಧ್ಯಾ ಕೈ ಬಿಡಿಸಿಕೊಂಡು ಇಳಿದುಹೋದಳು.

ಮರುದಿನ ಸಾತಪ್ಪ ಬೀಗದ ಕೈ ವಾಪಸು ಕೇಳಿದ. ಅವಳು ಕೊಟ್ಟಳು. ಆ ಬೇಸಿಗೆಯೆಲ್ಲ ಮನೆಯಲ್ಲಿ ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಕಳೆದಳು. ಮಳೆಗಾಲದ ಹೊತ್ತಿಗೆ ಜಮಖಂಡಿಯ ಇನ್ನೊಂದು ಸ್ಟುಡಿಯೊದಲ್ಲಿ ಕೆಲಸ ಸಿಕ್ಕಿತು. ದಿನಾ ಬಸ್ಸಿನ ಪ್ರಯಾಣ. ಒಂದು ದಿನ ತುಂಬಿದ ಬಸ್ಸಿನಲ್ಲಿ ನಿಂತಿದ್ದಾಗ, ಕಾಲೇಜಿಗೆ ಹೊರಟಿದ್ದ ಹುಡುಗಿಯೊಬ್ಬಳು ತನ್ನ ಪುಸ್ತಕದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಪಕ್ಕಕ್ಕೆ ಒತ್ತಿ ಕೂತು ಜಾಗ ಮಾಡಿದಳು. ಸಂಧ್ಯಾ.

“ಕೂಡ್ರಿ ಅಕ್ಕಾ,” ಎಂದಳು. “ನಿಂತು ಕಾಲು ನೋಯ್ತಾವ.”